ಬದುಕಿದ್ದವನ ಹೆಸರಿಗೆ ಫಾತೆಹಾ

"ಸತ್ತಾರ ಅಂತ ನನ್ನ ಬಾಯಿಂದ ಬರಂಗಿಲ್ಲ, ಜಮಾದಾರ್ ಸಾಬ್. ಎಷ್ಟ ಸಲ ಕೇಳಿದ್ರೂ ಅಷ್ಟೇ."

ಅಕ್ಬರಿ ಬೇಗಂ ಇಷ್ಟು ಹೇಳಿ, ಬಾಳೆಗಿಡದ ಒಣ ಎಲೆಗಳನ್ನು ಕುಡಗೋಲಿನಿಂದ ಸವರತೊಡಗಿದರು. ಅವರು ಪ್ರಮಾಣ ಮಾಡಿ ಸಹಿ ಹಾಕಬೇಕಿದ್ದ ಹಲಫ್‌ನಾಮೆ ನನ್ನ ಕೈಯಲ್ಲೇ ಬೆವರಿಗೆ ಮೆತ್ತಗಾಗಿತ್ತು. ಬೆಳಗಿನ ಬಸ್ಸಿಗೆ ಕಲಬುರಗಿಯಿಂದ ಕಮಲಾಪುರಕ್ಕೆ ಬಂದವನು ನಾನು. ಬಂದಾಗಿನಿಂದ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಕೇಳಿ ಗಂಟಲು ಒಣಗಿತ್ತು.

ಹಿಂದಿನದನ್ನು ಓದದವರಿಗೆ ಒಂದೇ ಮಾತು: ಈಕೆಯ ಗಂಡ ಮಕ್ಸೂದ್ ಅಲಿ ಎರಡು ವರ್ಷದ ಹಿಂದೆ, ಭಾರತದ ಫೌಜು ನಿಜಾಮರ ರಾಜ್ಯಕ್ಕೆ ನುಗ್ಗಿ ಪೊಲೀಸ್ ಆಕ್ಷನ್ ಆದ ವಾರ ಕಾಣೆಯಾದವನು, ಅವನು ಕರಾಚಿಗೆ ಹೋಗಿ ನೆಲೆಸಿದ್ದಾನೆಂದು ನಾಳೆ ಕಚೇರಿಯಲ್ಲಿ ತೀರ್ಮಾನವಾದರೆ ಈ ಕೆಂಪು ಬಾಳೆಯ ತೋಟ ಸರ್ಕಾರದ್ದು.

"ಬೇಗಂ ಸಾಹೇಬಾ, ನಿಮಗೆ ತಿಳಿವಲ್ದು. ಈ ವರ್ಷ ಹೊಸ ಕಾಯ್ದೆ ಬಂದದ. ದೇಶ ಬಿಟ್ಟು ಹೋದವರ ಆಸ್ತಿ ಸರ್ಕಾರ ತನ್ನ ಕೈಯಾಗ ತಗೋತದ. ಸತ್ತವರ ಆಸ್ತಿಗೆ ಈ ಕಾಯ್ದೆ ಕೈ ಹಚ್ಚಂಗಿಲ್ಲ. ನೀವು ಒಂದು ಸಹಿ ಹಾಕ್ರಿ. ಉಳಿದದ್ದು ಗುಂಡಣ್ಣ ವಕೀಲರು ನೋಡ್ಕೋತಾರ."

"ಅವರು ಕರಾಚಿಗೆ ಹೋಗಿಲ್ಲ. ಅಷ್ಟು ಸಾಬೀತು ಮಾಡ್ರಿ ನೀವು."

"ಹೋಗಿಲ್ಲ ಅಂದ್ರ ಎಲ್ಲಿ ಅದಾರ?"

"ಗೊತ್ತಿಲ್ಲ."

"ಬದುಕಿದ್ರ ನಾಳಿಗಿ ಕರಕೊಂಡು ಬಂದು ನಿಂದರಸ್ರಿ. ಸತ್ತಿದ್ರ ಸತ್ತಾರ ಅನ್ರಿ. ಎರಡೂ ಅಲ್ಲ ಅಂದ್ರ ವಕೀಲರಾದರೂ ಏನು ಮಾಡಬೇಕು?"

ಬೇಗಂ ಸೆರಗನ್ನು ಹಣೆಯ ತನಕ ಎಳೆದುಕೊಂಡು ಮುಂದಿನ ಗಿಡಕ್ಕೆ ಹೋದರು. ಕೊರಳಲ್ಲಿ ಕರಿಮಣಿಯ ಲಚ್ಛಾ ಇತ್ತು. ಗಂಡ ತೀರಿಕೊಂಡ ಮನೆಗಳಲ್ಲಿ ಮೊದಲು ತೆಗೆಯುವುದೇ ಅದನ್ನು. ಈಕೆ ತೆಗೆದಿಲ್ಲ, ವಿಧವೆಯರು ಕೂರುವ ಇದ್ದತ್ತಿಗೂ ಕೂತಿಲ್ಲ. ಇದನ್ನೇ ಎದುರಿನವರು ನಾಳೆ ಎತ್ತಿ ಹಿಡಿಯುತ್ತಾರೆ. ಹೆಂಡತಿಯೇ ಮುತ್ತೈದೆಯಂತೆ ಓಡಾಡುತ್ತಿರುವಾಗ ಗಂಡ ಸತ್ತನೆಂದರೆ ಯಾರು ನಂಬುತ್ತಾರೆ?

ನನಗೆ ತಲೆ ಕೆಟ್ಟುಹೋಯಿತು. ನಿಜಾಮರ ಪೊಲೀಸಿನಲ್ಲಿ ಜಮಾದಾರನಾಗಿದ್ದಾಗ ಕಳ್ಳರ ಬಾಯಿ ಬಿಡಿಸಿದ್ದೇನೆ, ಕೊಲೆಗಡುಕರ ಬಾಯಿ ಬಿಡಿಸಿದ್ದೇನೆ. ನಮ್ಮ ಕಡೆಯ ಕಕ್ಷಿದಾರಳ ಬಾಯಿ ಬಿಡಿಸುವ ಗತಿ ಬಂದದ್ದು ಇದೇ ಮೊದಲು. ಆ ನೌಕರಿ ಹೋಗಿ ಈಗ ವಕೀಲರ ಹಿಂದೆ ಸಾಕ್ಷಿ ಹುಡುಕುತ್ತ ಅಲೆಯುವ ಈ ಯಂಕಪ್ಪನಿಗೆ ಇದೂ ಬರೆದಿತ್ತು.

"ಇವತ್ತು ಶಬ್-ಎ-ಬರಾತ್ ಅಲ್ಲೇನ್ರಿ?" ಎಂದೆ ಹೊರಡುವಾಗ. "ಮನ್ಯಾಗ ಹಲ್ವಾ ವಾಸನಿ ಬರವಲ್ದು."

"ಹಲ್ವಾ ಮಾಡೋದು ಸತ್ತವರ ಫಾತೆಹಾಕ್ಕ. ಈ ಮನ್ಯಾಗ ಯಾರು ಸತ್ತಾರ?" ಎಂದರು ಬೇಗಂ, ನನ್ನ ಕಡೆ ತಿರುಗದೆಯೇ.

ಬಸ್ ನಿಲ್ಲುವ ಬೇವಿನ ಮರದ ಕೆಳಗೆ ಮಹಾದೇವಪ್ಪ ಸಿಕ್ಕ. ತೋಟದ ಬದುವಿಗೆ ಹತ್ತಿದ ಹೊಲ ಇವನದು. ಮಕ್ಸೂದ್ ಓಡಿಹೋಗಿದ್ದಾನೆಂದು ಕಚೇರಿಗೆ ಅರ್ಜಿ ಹಾಕಿದವನೂ ಇವನೇ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು.

"ಸಹಿ ಹಾಕಲಿಲ್ಲ ಹೌದಲ್ರೀ ಜಮಾದಾರ್ರ?"

"ನಿನಗ ಎದಕ ಬೇಕು ಅದು? ನಬಿಸಾಬನ ಸಾಕ್ಷಿಗೆ ಏನು ಕೊಟ್ಟಿ ಹೇಳು."

"ದೇವರಾಣಿ ಏನೂ ಕೊಟ್ಟಿಲ್ರಿ. ತೋಟ ಸರ್ಕಾರಕ್ಕ ಹೋದ್ರ ನನಗ ಲಾವಣಿಗೆ ಕೊಡ್ರಿ, ವರ್ಷಕ್ಕಿಷ್ಟು ಗುತ್ತಿಗಿ ಕಟ್ತೀನಿ ಅಂತ ಕೇಳಿದ್ದು ಖರೆ. ಆಸೆ ಇರೋದು ತಪ್ಪೇನು? ನಬಿಸಾಬ್ ಎರಡು ವರ್ಷದಿಂದ ಊರ ತುಂಬ ಹೇಳ್ಕೋತ ಬಂದಾನ. ಬೊಂಬಾಯಿ ಗಾಡಿ ಹತ್ತಿಸಿ ಬಂದೆ, ಅಲ್ಲಿಂದ ಹಡಗ ಹತ್ತಿ ಕರಾಚಿಗೆ ಹೋದ ಅಂತ. ನಾ ಅದನ್ನೇ ಬರಸೀನಿ."

ಆಸೆಯನ್ನು ಇಷ್ಟು ಬಾಯಿಬಿಟ್ಟು ಒಪ್ಪಿಕೊಳ್ಳುವವನು ಸಾಕ್ಷಿ ಕೊಂಡುಕೊಂಡಿರಲಾರ ಎನಿಸಿತು. ಹಾಗೆ ಎನಿಸಿದ್ದಕ್ಕೂ ನನಗೆ ಸಿಟ್ಟೇ ಬಂತು. ಇದ್ದ ಒಬ್ಬ ಆರೋಪಿಯೂ ಕೈ ಬಿಟ್ಟುಹೋದ ಹಾಗಾಯಿತಲ್ಲ!

ಬಸ್ಸು ಮಹಾಗಾಂವದ ಹತ್ತಿರ ಬಿಸಿಯಾಗಿ ನಿಂತಿತು. ಡ್ರೈವರ್ ನೀರು ಹುಡುಕಿಕೊಂಡು ಹೋದವನು ಎಲೆಯಡಿಕೆ ಹಾಕಿಕೊಂಡು ನಿಧಾನವಾಗಿ ಬಂದ. ಕಲಬುರಗಿ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮನೆಗೆ ಹೋಗದೆ ಸೀದಾ ಗಾಜಿಪುರ ಓಣಿಯ ದಾರಿ ಹಿಡಿದೆ. ಬೇಗಂ ಬಾಯಿ ಬಿಡದಿದ್ದರೆ ನಬಿಸಾಬನ ಬಾಯಿಯನ್ನಾದರೂ ಬಿಡಿಸಬೇಕಿತ್ತು.

ನಬಿಸಾಬ್ ಕಮಲಾಪುರದ ಬಾಳೆಗೊನೆ ಕೊಂಡು, ಮನೆಯ ಹಿಂದಿನ ಕೋಣೆಯಲ್ಲಿ ಹೊಗೆ ಹಾಕಿ ಹಣ್ಣು ಮಾಡಿ ಮಾರುವ ವ್ಯಾಪಾರಿ. ಮಕ್ಸೂದ್ ಅಲಿಯ ಬಾಲ್ಯದ ಗೆಳೆಯ. ನಾನು ಹೋದಾಗ ಅವನು ಕೋಣೆಯ ಬಾಗಿಲಿಗೆ ಹಸಿ ಮಣ್ಣು ಮೆತ್ತುತ್ತಿದ್ದಾನೆಂದು ಒಳಗಿನಿಂದ ಅವನ ಹೆಂಡತಿ ಸಕೀನಾ ಹೇಳಿದಳು.

"ಕಟ್ಟಿ ಮ್ಯಾಗ ಕೂಡ್ರಿ ಜಮಾದಾರ್ ಸಾಬ್. ಮುಲ್ಲಾ ಸಾಬ್ ಬಂದಾರ, ಫಾತೆಹಾ ಆಗೂತನ ತಡೀರಿ."

ಕೂತೆ. ಬಾಗಿಲಿಗೆ ಹರಕು ಪರದೆ ಇತ್ತು. ಒಳಗೆ ಹಾಸಿದ ಬಿಳಿ ಬಟ್ಟೆ, ಅದರ ಮೇಲೆ ಹಲ್ವಾ, ರೊಟ್ಟಿ, ಊದುಬತ್ತಿಯ ಹೊಗೆ. ಸತ್ತವರ ಜೀವ ಇವತ್ತು ಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆಂದು ಈ ಜನ ನಂಬುತ್ತಾರೆ. ಬಂದವರು ಹಸಿದು ಹೋಗಬಾರದು. ಅದಕ್ಕೇ ಒಬ್ಬೊಬ್ಬರ ಹೆಸರು ಹೇಳಿಸಿ ಫಾತೆಹಾ ಓದಿಸುವುದು.

ಮುಲ್ಲಾ ಸಾಬ್ ಹೆಸರು ಕೇಳಿದರು. ಸಕೀನಾ ಮಾವನ ಹೆಸರು ಹೇಳಿದಳು, ಅತ್ತೆಯ ಹೆಸರು ಹೇಳಿದಳು. ಆಮೇಲೆ ಸ್ವಲ್ಪ ತಡವರಿಸಿದಳು.

"ಇನ್ನ ಯಾರದಮ್ಮಾ?" ಎಂದರು ಮುಲ್ಲಾ ಸಾಬ್.

ಅವಳು ದನಿ ತಗ್ಗಿಸಿ ಏನೋ ಹೇಳಿದಳು. ಮುಲ್ಲಾ ಸಾಬರಿಗೆ ದನಿ ತಗ್ಗಿಸುವ ಅಭ್ಯಾಸವಿರಲಿಲ್ಲ. ಮರಹೂಮ್ ಮಕ್ಸೂದ್ ಅಲಿ ಎಂದು ಗಟ್ಟಿಯಾಗಿ, ಬೀದಿಗೆ ಕೇಳುವ ಹಾಗೆ ಓದಿದರು. ಮರಹೂಮ್ ಎಂದರೆ ತೀರಿಹೋದವನು. ಇಷ್ಟು ವರ್ಷ ನಿಜಾಮರ ಉಪ್ಪು ತಿಂದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಕಟ್ಟೆಯಿಂದ ಜಿಗಿಯಬೇಕೆನಿಸಿತು. ತಿಂಗಳುಗಟ್ಟಲೆ ಅಲೆದು ಸೋತವನಿಗೆ ಕುಳಿತಲ್ಲೇ ಸಿಕ್ಕಿತ್ತು. ಮಕ್ಸೂದ್ ಕರಾಚಿಯಲ್ಲಿ ಬದುಕಿದ್ದಾನೆಂದು ಸಾಕ್ಷಿ ಹೇಳುವವನು ತನ್ನ ಮನೆಯಲ್ಲಿ ಅವನ ಹೆಸರಿಗೆ ಫಾತೆಹಾ ಕೊಡಿಸುತ್ತಿದ್ದ!

ಮುಲ್ಲಾ ಸಾಬ್ ಅತ್ತ ಹೋದ ಕೂಡಲೇ ನಾನು ಹಿತ್ತಲಿಗೆ ನಡೆದೆ. ನಬಿಸಾಬನ ಕೈ ಮೊಣಕೈತನಕ ಮಣ್ಣಾಗಿತ್ತು.

"ಬರ್ರಿ ಜಮಾದಾರ್ ಸಾಬ್. ಮತ್ತ ಅದೇ ಕೇಳಾಕ ಬಂದಿರೇನು? ನಾ ಹೇಳೋದು ಬದಲಾಗಂಗಿಲ್ಲ."

"ಬ್ಯಾಡ, ಬದಲಾಯಿಸಬ್ಯಾಡ. ನಾಳಿಗಿ ಕುರಾನಿನ ಮ್ಯಾಗ ಕೈ ಇಟ್ಟು ಹೇಳು, ಮಕ್ಸೂದ್ ಕರಾಚಿಯಾಗ ಅದಾನ ಅಂತ. ಇವತ್ತ ಅವನ ಹೆಸರಿಗೆ ಫಾತೆಹಾ ಕೊಡಿಸೀದಿ ಅನ್ನೋದೂ ಹೇಳು."

ಅವನ ಕೈಯಿಂದ ಮಣ್ಣಿನ ಉಂಡೆ ಕೆಳಗೆ ಬಿತ್ತು.

"ಯಾರಂದ್ರು?"

"ನಿಮ್ಮ ಮುಲ್ಲಾನ ಗಂಟಲ ಛಂದ ಅದ. ಓಣಿಗೆಲ್ಲ ಕೇಳ್ಯದ."

ನಬಿಸಾಬ್ ಬಾಗಿಲಿಗೆ ಒರಗಿ ಅಲ್ಲೇ ಕುಕ್ಕರಿಸಿದ. ನಾನೂ ಎದುರಿಗೆ ಕೂತೆ. ಒಳಗಿನ ಹೊಗೆ ಸಂದಿಯಿಂದ ನುಸುಳಿ ಕಣ್ಣು ಉರಿಯುತ್ತಿತ್ತು.

"ಬದುಕಿದವನಿಗೆ ಫಾತೆಹಾ ಕೊಡ್ತಾರೇನಪ್ಪಾ ನಿಮ್ಮಾಗ?"

"ಇಲ್ಲ."

"ಹಂಗಾದ್ರ?"

"ತೀರಿಕೊಂಡಾನ," ಎಂದ ನಬಿಸಾಬ್. "ಎರಡು ವರ್ಷ ಈ ಮಾತ ನುಂಗಿಕೊಂಡು ಕೂತೀನಿ ಜಮಾದಾರ್ ಸಾಬ್. ನನ್ನ ಗೆಳೆಯ. ಅವನಿಗೆ ಒಂದು ಹಿಡಿ ಹಲ್ವಾ ಇಡಾಕ ಯಾರೂ ಇಲ್ಲ ಅಂದ್ರ ನಾ ಹೆಂಗ ಸುಮ್ಮನ ಕೂಡಲಿ?"

"ಯಾರು ಕೊಂದರು?"

"ಯಾರೂ ಕೊಂದಿಲ್ಲ. ಹಾವು ಕಡೀತು. ಬಾಳಿತೋಟದಾಗ ಹಾವಿಗೇನು ಬರ? ಆಗ ಫೌಜು ಬಂದು ರಸ್ತೆ ಎಲ್ಲ ಬಂದ್ ಆಗಿದ್ವು. ನಾ ಗೊನಿ ತರಾಕ ಹೋದವ ಕಮಲಾಪುರದಾಗೇ ಸಿಕ್ಕೊಂಡು ಮಸೀದಿಯಾಗ ಮಲಗತಿದ್ದೆ. ಒಂದಿನ ಬೆಳಕಾಗೋಕಿಂತ ಮೊದಲ ಬೇಗಂ ಬಂದು ಎಬ್ಬಿಸಿದ್ರು. ಹಿಂಗಿಂಗಾಗ್ಯದ, ಮಣ್ಣು ಮಾಡಬೇಕು, ಯಾರಿಗೂ ತಿಳೀಬಾರದು ಅಂದ್ರು."

"ಎದಕ ತಿಳೀಬಾರದು?"

ಅವನು ನನ್ನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದ. "ಮಕ್ಕಳಿಲ್ಲ ಅವರಿಗೆ. ಗಂಡ ಸತ್ತ ಅಂದ್ರ ಆಕೀ ಪಾಲಿಗೆ ರೂಪಾಯಿದಾಗ ನಾಲ್ಕಾಣೆ. ಉಳಿದ ಹನ್ನೆರಡಾಣೆ ತಮ್ಮ ಖಾಜಾಹುಸೇನಗ. ಅವ ಮರುದಿನಾನೇ ಅತ್ತಿಗೀನ ತೋಟದಿಂದ ಹೊರಗ ಹಾಕತಿದ್ದ. ಗಂಡ ಎಲ್ಲೋ ಹೋಗ್ಯಾನ, ಇವತ್ತಿಲ್ಲ ನಾಳೆ ಬರತಾನ ಅಂದ್ರ ತೋಟ ಆಕೀ ಕೈಯಾಗೇ ಇರ್ತದ. ಹೌದಿಲ್ರಿ? ಅದಕ್ಕ ಕರಾಚಿ ಅನ್ನು ಅಂದ್ರು. ಆಗ ಎಲ್ಲಾರೂ ಹಂಗೇ ಹೋಗತಿದ್ರು, ಯಾರೂ ಸಂಶಯ ಪಡಂಗಿಲ್ಲ ಅಂತ. ನಾ ಅಂದೆ."

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಎಂಥ ಹಣೆಬರಹ ನೋಡಿ! ತೋಟ ಉಳಿಸಲೆಂದು ಕಟ್ಟಿದ ಸುಳ್ಳು. ಕಟ್ಟಿದಾಗ ಅದಕ್ಕಿಂತ ಭದ್ರವಾದ ಬೇಲಿ ಇರಲಿಲ್ಲ. ಎರಡು ವರ್ಷಕ್ಕೆ ಹೊಸ ಕಾಯ್ದೆ ಬಂತು, ಕರಾಚಿ ಎಂಬ ಅದೇ ಮಾತು ತೋಟವನ್ನು ಪೂರ್ತಿಯಾಗಿ ನುಂಗಲು ನಿಂತಿತು. ಕಾಯ್ದೆ ಬರೆದವರಿಗೆ ಕಮಲಾಪುರದ ಅಕ್ಬರಿ ಬೇಗಂ ಗೊತ್ತಿಲ್ಲ. ಅಕ್ಬರಿ ಬೇಗಂಗೆ ಕಾಯ್ದೆ ಬರುತ್ತದೆಂದು ಗೊತ್ತಿರಲಿಲ್ಲ. ನಡುವೆ ಸಾಯುವವನು ನಾನು.

"ಕಾಯ್ದೆ ಬಂದ ಮ್ಯಾಗಾದರೂ ಮಾತು ತಿರುವಬೇಕಿತ್ತಲ್ಲೋ ಮಾರಾಯಾ!"

"ಹೆಂಗ ತಿರುವಲಿ? ಹೋದ ವರ್ಷಾನೇ ಕಚೇರಿಯವರು ಬಂದು ಕೇಳಿದ್ರು. ಕರಾಚಿ ಅಂತ ಹೇಳಿ ಅಂಗೂಠಾ ಒತ್ತಿಬಿಟ್ಟೀನಿ. ಈಗ ಸುಳ್ಳು ಅಂದ್ರ ನನಗ ಜೇಲು. ಬೇಗಂ ಏನಂದ್ರು ಗೊತ್ತೇನು? ನೀ ಅಂದದ್ದು ಅನ್ನು, ನನ್ನ ವಕೀಲ ನಿನ್ನ ಸಾಕ್ಷಿ ಮುರೀಲಿ, ಸತ್ತ ಸುದ್ದಿ ಮಾತ್ರ ಯಾರೂ ಎತ್ತಬಾರದು. ಇವತ್ತಿನ ಹಲ್ವಾಕ್ಕ ರವಾ, ಬೆಲ್ಲ ಕಳಿಸಿದವರೂ ಅವರೇ. ತಮ್ಮ ಮನ್ಯಾಗ ಮಾಡೋಹಂಗಿಲ್ಲ ನೋಡ್ರಿ."

ಬೆಳಿಗ್ಗೆ ನನ್ನ ಎದುರಿಗೆ ಒಣ ಎಲೆ ಸವರುತ್ತ, ಈ ಮನೆಯಲ್ಲಿ ಯಾರು ಸತ್ತಿದ್ದಾರೆ ಎಂದು ಕೇಳಿದ ಹೆಂಗಸು! ಸಿಟ್ಟೂ ಬಂತು, ಪಾಪವೂ ಎನಿಸಿತು. ಗಂಡನಿಗಾಗಿ ಬಾಯಿ ಬಿಟ್ಟು ಅಳಲೂ ಈಕೆಗೆ ಆಗಿಲ್ಲ.

"ಗೋರಿ ಎಲ್ಲದ?"

"ಕಮಲಾಪುರದ ಖಬರಸ್ತಾನದಾಗ, ಅವರ ಅಪ್ಪನ ಗೋರಿ ಬಾಜೂಕ. ಮ್ಯಾಗ ಹೆಸರಿಲ್ಲ. ನಾನು, ಅಲ್ಲಿ ಮಸೀದಿಯಾಗ ಬಾಂಗ್ ಕೂಗೋ ಮುದುಕ ಮುಅಜ್ಜನ್ ಇಬ್ಬರೇ ಹೊತ್ತು ಒಯ್ದಿವಿ. ಅವನೂ ಹೋದ ವರ್ಷ ತೀರಿಕೊಂಡ."

"ಹೆಣ ತೊಳೆದವರು ಯಾರು?"

"ಬೇಗಂ. ಗಂಡನ ಮಯ್ಯತ್ ಹೆಂಡತಿ ತೊಳೀಬಹುದು, ನಮ್ಮಾಗ ನಡೀತದ. ನಾವು ಹೋಗೋದ್ರಾಗ ಕಫನ್ ಸುತ್ತಿ ಕಟ್ಟಿಬಿಟ್ಟಿದ್ರು. ಕಡೀ ಸಲ ಮುಖ ತೋರಸ್ರಿ ಅಂದೆ. ವಿಷ ಏರಿ ಮುಖ ಕಪ್ಪಾಗ್ಯದ, ಬ್ಯಾಡ ಅಂದ್ರು. ನನಗೂ ನೋಡಾಕ ಧೈರ್ಯ ಬರಲಿಲ್ಲ."

ಆ ಮಾತನ್ನು ನಾನು ಅಲ್ಲಿಯೇ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಕೈಗೆ ಗೆಲುವು ಬಂದ ಖುಷಿಯಲ್ಲಿ ನನ್ನ ಬುದ್ಧಿ ಗಾಜಿಪುರದ ಹೊಗೆಯಲ್ಲಿ ಮಂಕಾಗಿತ್ತು.

"ನೋಡು ನಬಿಸಾಬ್. ನಾಳಿಗಿ ಖರೆ ಹೇಳು. ಹೆದರಿಕೊಂಡು ಮೊದಲು ಸುಳ್ಳು ಹೇಳಿದ್ದೆ ಅಂತ ವಕೀಲರು ಸಾಹೇಬರಿಗೆ ತಿಳಿಸಿ ಹೇಳ್ತಾರ. ಆಕೀಗಿ ನಾಲ್ಕಾಣೆ ಪಾಲಾದರೂ ಉಳೀತದ. ನೀ ಕರಾಚಿ ಅಂದ್ರ ಹದಿನಾರಾಣೆನೂ ಹೋತು. ಅಷ್ಟರ ಮ್ಯಾಗ ಕುರಾನ ಮುಟ್ಟಿ ಸುಳ್ಳು ಹೇಳ್ದಿ ಅಂತಾಗ್ತದ. ಮುಂದಿನ ವರ್ಷ ಯಾವ ಮುಖ ಹೊತ್ತು ಅವನಿಗೆ ಫಾತೆಹಾ ಕೊಡ್ತಿ?"

ಅವನು ಕೆಳಗೆ ಬಿದ್ದ ಮಣ್ಣಿನ ಉಂಡೆ ಎತ್ತಿ ಬಾಗಿಲ ಸಂದಿಗೆ ಮೆತ್ತಿದ. ಆಮೇಲೆ ಮಣ್ಣಾದ ಕೈಯಿಂದಲೇ ಕಣ್ಣೊರೆಸಿಕೊಂಡು, "ಹೇಳ್ತೀನಿ," ಎಂದ.

ಕಮಲಾಪುರದ ಕೊನೆಯ ಬಸ್ಸು ಹೋಗಿಯಾಗಿತ್ತು. ಬೇಗಂಗೆ ಸುದ್ದಿ ಮುಟ್ಟಿಸಲು ದಾರಿಯಿರಲಿಲ್ಲ. ಗುಂಡಣ್ಣ ವಕೀಲರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು, "ಯಂಕಪ್ಪಾ, ಈ ಹೆಣ್ಣಮಗಳು ನಮ್ಮನ್ನ ಎರಡು ತಿಂಗಳು ಬುಗುರಿ ಆಡಿಸ್ಯಾಳಲ್ಲೋ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಕಚೇರಿಯಲ್ಲಿ ವಿಚಾರಣೆಯ ಸಾಹೇಬರು ಹೊತ್ತಿಗೆ ಸರಿಯಾಗಿ ಬಂದು ಕೂತಿದ್ದರು. ಹೈದರಾಬಾದಿನಿಂದ ಬಂದವರು, ಮೆತ್ತನೆಯ ಮಾತು, ಎಲ್ಲರಿಗೂ ಕೂರಲು ಹೇಳುವ ಸೌಜನ್ಯ. ಬೇಗಂ ಬುರ್ಖಾ ತೊಟ್ಟು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ನಾನು ಹತ್ತಿರ ಹೋಗಿ ಹೇಳಬೇಕೆನ್ನುವಷ್ಟರಲ್ಲಿ ಜವಾನ ನಬಿಸಾಬನ ಹೆಸರು ಕೂಗಿಬಿಟ್ಟ. ಹಿಂದಿನ ಸಾಲಿನಲ್ಲಿ ಮೈದುನ ಖಾಜಾಹುಸೇನ, ಅವನ ಪಕ್ಕದಲ್ಲಿ ಮಹಾದೇವಪ್ಪ.

ನಬಿಸಾಬ್ ಪ್ರಮಾಣ ಮಾಡಿ ಎಲ್ಲ ಹೇಳಿದ. ಹಾವು, ಕಫನ್, ಹೆಸರಿಲ್ಲದ ಗೋರಿ, ಒಂದೂ ಬಿಡಲಿಲ್ಲ. ಮಹಾದೇವಪ್ಪನ ಮುಖ ಸಪ್ಪಗಾಯಿತು. ಬುರ್ಖಾದ ಒಳಗಿನ ಮುಖ ನನಗೆ ಕಾಣಲಿಲ್ಲ.

ಖಾಜಾಹುಸೇನ ಎದ್ದು ನಿಂತ.

"ನಮ್ಮ ಅಣ್ಣ ಸತ್ತು ಎರಡು ವರ್ಷ ಆಗ್ಯದ, ನನಗ ಯಾರೂ ಹೇಳಲಿಲ್ಲ? ಮಣ್ಣು ಕೊಡಾಕ ಸೈತ ಕರೀಲಿಲ್ಲ? ಸಾಹೇಬ್ರ, ಆ ಗೋರಿ ತೆಗಸ್ರಿ. ಸಣ್ಣವರಿದ್ದಾಗ ಅಣ್ಣ ಹುಣಸಿಗಿಡದಿಂದ ಬಿದ್ದು ಎಡಗೈ ಮುರಕೊಂಡಿದ್ದ. ಎಲುಬು ಸೊಟ್ಟ ಕೂಡಿತ್ತು. ನೋಡಿದ್ರ ನನಗ ಗುರ್ತು ಸಿಗ್ತದ."

ಸಾಹೇಬರು ಸ್ವಲ್ಪ ಯೋಚಿಸಿದರು. ಗೋರಿ ತೆಗೆಸುವುದು ತಮಗೂ ಇಷ್ಟವಿಲ್ಲ, ಆದರೆ ನಬಿಸಾಬ್ ಒಮ್ಮೆ ಹಾಗೆ ಒಮ್ಮೆ ಹೀಗೆ ಹೇಳಿರುವುದರಿಂದ ಬೇರೆ ದಾರಿ ಇಲ್ಲ, ಡಾಕ್ಟರನ್ನು ಕರೆದುಕೊಂಡು ಹೋಗಿ ಮರ್ಯಾದೆಯಿಂದ ನೋಡಿಸೋಣ ಎಂದು ಉರ್ದುವಿನಲ್ಲಿ ಹೇಳಿದರು. ಗುಂಡಣ್ಣ ವಕೀಲರು ಮೇಜಿನ ಕೆಳಗಿಂದ ನನ್ನ ಮೊಣಕಾಲು ತಟ್ಟಿದರು. ಇದಕ್ಕಿಂತ ಒಳ್ಳೆಯ ಸಾಕ್ಷಿ ನಮಗೆ ಇನ್ನೇನು ಬೇಕಿತ್ತು?

"ಬ್ಯಾಡ."

ಬೇಗಂ ಎದ್ದು ನಿಂತಿದ್ದರು.

"ನಬಿಸಾಬ್ ಹೇಳಿದ್ದು ಸುಳ್ಳು. ನನ್ನ ಗಂಡ ಬದುಕ್ಯಾರ. ಕರಾಚಿಗೆ ಹೋಗ್ಯಾರ. ಸಾಹೇಬ್ರ, ತೋಟ ನಿಮ್ಮ ಸರ್ಕಾರ ತಗೋಲಿ, ನನಗ ಒಂದು ಗಿಡ ಸೈತ ಬ್ಯಾಡ. ಆ ಗೋರಿಗೆ ಮಾತ್ರ ಯಾರೂ ಕೈ ಹಚ್ಚಬ್ಯಾಡ್ರಿ."

ವಕೀಲರು, "ಬೇಗಂ ಸಾಹೇಬಾ, ಕೂಡ್ರಿ, ವಿಚಾರ ಮಾಡಿ ಮಾತಾಡ್ರಿ," ಎಂದು ಗದರಿದರೂ ಆಕೆ ಕೂರಲಿಲ್ಲ. ನಬಿಸಾಬ್ ಬಾಯಿ ತೆರೆದುಕೊಂಡು ಆಕೆಯನ್ನೇ ನೋಡುತ್ತಿದ್ದ. ನನಗೆ ಕೈಯಲ್ಲಿದ್ದ ಟೋಪಿಯನ್ನು ನೆಲಕ್ಕೆ ಒಗೆಯಬೇಕೆನಿಸಿತು. ಆ ತೋಟಕ್ಕಾಗಿ ಗಂಡನ ಸಾವನ್ನೇ ಬಚ್ಚಿಟ್ಟ ಹೆಂಗಸು ಒಂದೇ ಉಸಿರಿನಲ್ಲಿ ಅದನ್ನು ಬಿಟ್ಟುಕೊಟ್ಟಿದ್ದಳು.

ಸಾಹೇಬರು ಆಕೆಯ ಹೇಳಿಕೆಯನ್ನು ಬರೆಸಿಕೊಂಡರು, ಓದಿ ಹೇಳಿಸಿದರು, ಸಹಿ ಹಾಕಿಸಿದರು. ನಿನ್ನೆ ಅಷ್ಟು ಬೇಡಿದರೂ ಹಾಕದ ಸಹಿಯನ್ನು ಆಕೆ ಈಗ ತಡಮಾಡದೆ ಹಾಕಿದಳು. ಸಾಹೇಬರು ಲೇಖನಿ ಕೆಳಗಿಟ್ಟು ಮೊದಲಿನ ಮೆತ್ತನೆಯ ದನಿಯಲ್ಲೇ ಹೇಳಿದರು:

"ತೋಟದ ಮಾತು ಇಲ್ಲಿಗೆ ಮುಗಿಯಿತು, ಅದು ಸರ್ಕಾರಕ್ಕೆ ಸೇರುತ್ತದೆ. ಆದರೆ ಬೇಗಂ, ನಿಮ್ಮ ಗಂಡ ಕರಾಚಿಯಲ್ಲಿದ್ದರೆ ನಿಮ್ಮ ಮಾವನ ಗೋರಿಯ ಪಕ್ಕದಲ್ಲಿ ಮಲಗಿರುವವನು ಯಾರು? ಅದನ್ನು ಕೇಳುವ ಅಧಿಕಾರ ನನಗಿಲ್ಲ, ಪೊಲೀಸರಿಗಿದೆ. ಅವರಿಗೆ ಈಗಲೇ ಬರೆಯುತ್ತೇನೆ. ನಾಳೆ ಬೆಳಿಗ್ಗೆ ಗೋರಿ ತೆಗೆಯುತ್ತಾರೆ."

ಬೇಗಂ ಗೋಡೆ ಹಿಡಿದುಕೊಂಡರು. ಬೀಳುತ್ತಾರೇನೋ ಎಂದು ನಾನು ಓಡಿ ಹತ್ತಿರ ಹೋದೆ. ಅವರು ಬೀಳಲಿಲ್ಲ. ನಬಿಸಾಬನಿಗೂ ತೋರಿಸದ, ಕಫನ್ನಿನೊಳಗಿನ ಆ ಮುಖ ನನಗೆ ಆಗ ನೆನಪಾಯಿತು. ನನ್ನೊಬ್ಬನಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದರು:

"ಜಮಾದಾರ್ ಸಾಬ್, ನಾಳಿ ತನಕ ಅಲ್ಲಿ ಪೊಲೀಸರ ಕಾವಲ ಇರ್ತದೇನು?"